ಅಶ್ವಹೃದಯ

ಹೋದ ವರ್ಷ ಬೇಸಗೆ ರಜೆಗೆ ಮುಂಚೆ ನನ್ನ ವಿದ್ಯಾರ್ಥಿನಿಯೊಬ್ಬಳು ಶಿಫಾರಸು ಪತ್ರಕ್ಕಾಗಿ ನನ್ನ ಬಳಿಗೆ ಬಂದಳು. ಕನ್ನಡ ಅಧ್ಯಾಪಕನಿಂದ ಶಿಫಾರಸು ಬೇಡುವವರು ಕಡಮೆ. ನನಗೆ ಸಂತೋಷವೇ ಆಯಿತು. ಯಾವ ಕೆಲಸಕ್ಕೆ ಎಂದು ಕೇಳಿದೆ.

“ರಾಜಸ್ಥಾನಕ್ಕೆ ಹೋಗ್ತೀನಿ ಸಾರ್. ಅಲ್ಲೊಂದು ಪ್ರಾಣಿಗಳ ಆಸ್ಪತ್ರೆ ಇದೆ. ಗಾಡಿ ಕುದುರೆಗಳಿಗೆ ಶುಶ್ರೂಷೆ ಮಾಡ್ತಾರೆ. ಒಂದು ತಿಂಗಳು ಇದ್ದು, ಸೇವೆ ಮಾಡಿ, ಕಲಿತುಕೊಂಡು ಬರ್ತೀನಿ” ಎಂದಳು.

ಸಂಬಳವೇನಾದರೂ ಉಂಟೋ? ಇಲ್ಲ. ರೈಲಿನ ಖರ್ಚು, ಊಟದ ಖರ್ಚು ಎಲ್ಲವೂ ಅವಳದೇ. ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ಹಣ.

ಪತ್ರವನ್ನು ಬರೆದುಕೊಟ್ಟೆ. ಆದರೆ ಕೊಡುವಾಗ ನನ್ನ ನಾಲಗೆ ಸುಮ್ಮನಿರಲಿಲ್ಲ. “ಅಲ್ಲಮ್ಮ, ಸೇವೆಯೇ ಮಾಡಬೇಕೆಂದರೆ ನಮ್ಮೂರಿನಲ್ಲಿ ಮನುಷ್ಯರಿಲ್ಲವೆ? ಕುದುರೆಗಾಗಿ ಅಷ್ಟು ದೂರ ಹೋಗಬೇಕೆ?” ಎಂದುಬಿಟ್ಟೆ. ಅವಳು ಉತ್ತರ ಕೊಡಲಿಲ್ಲ. ನಮಸ್ಕಾರ ಮಾಡಿ ಹೊರಟುಹೋದಳು. ವಾದದಲ್ಲಿ ಗೆದ್ದವನಿಗೆ ಆಗಬೇಕಾದ ತೃಪ್ತಿ ಮಾತ್ರ ನನಗಾಗಲಿಲ್ಲ. ಆ ಪ್ರಶ್ನೆ ಅವಳ ಜೊತೆಯಲ್ಲಿ ಹೋಗದೆ ನನ್ನ ಕೊಠಡಿಯಲ್ಲಿಯೇ ಉಳಿದುಕೊಂಡಿತು.

ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಹಸಿದ ಮನುಷ್ಯ ಎದುರಿಗಿರುವಾಗ ಕುದುರೆಯ ಗೊರಸಿಗೆ ಮುಲಾಮು ಹಚ್ಚುವುದು ವಿವೇಕವೇ ಎಂದು ಕೇಳುವುದು ಸಹಜ. ಅದಕ್ಕಾಗಿ ಪ್ರಯಾಣ ಮಾಡುವುದರಲ್ಲಿ ದಯೆಯೆಷ್ಟು, ವಿನೋದವೆಷ್ಟು ಎಂಬ ಸಂಶಯವೂ ಸಹಜವೇ. ಆದರೆ ನನ್ನನ್ನೇ ಒಂದಿಷ್ಟು ಕೆದಕಿ ನೋಡಿಕೊಂಡೆ. “ಮನುಷ್ಯರಿಲ್ಲವೆ?” ಎಂದು ಕೇಳಿದ ನಾನು ಆ ರಜೆಯಲ್ಲಿ ಯಾವ ಮನುಷ್ಯನ ಸೇವೆಗೆ ಹೋಗಿದ್ದೆ? ಉತ್ತರಪತ್ರಿಕೆ ತಿದ್ದಿದೆ, ಭಾವಮೈದುನನ ಮದುವೆಯಲ್ಲಿ ಉಂಡೆ, ಮಧ್ಯಾಹ್ನ ನಿದ್ರೆ ಮಾಡಿದೆ. ಮಾವಿನ ಹಣ್ಣು ಕೊಳ್ಳಲು ಹೋದವನನ್ನು ಯಾರೂ ಹೀಗೆ ಕೇಳುವುದಿಲ್ಲ; ದಯೆಯ ಕೆಲಸಕ್ಕೆ ಹೊರಟವನನ್ನೇ ತಡೆದು ಕೇಳುತ್ತೇವೆ. ಮನುಷ್ಯರ ಹೆಸರನ್ನು ನಾನು ಎತ್ತಿದ್ದು ಮನುಷ್ಯರ ಮೇಲಿನ ಮರುಕದಿಂದಲ್ಲ, ನನ್ನ ಸುಖಕ್ಕೆ ಅಡ್ಡಗೋಡೆಯಾಗಿ.

ಈ ಗೊಂದಲದಲ್ಲಿದ್ದಾಗಲೇ ಡೊರೊತಿ ಬ್ರೂಕ್ ಎಂಬ ಆಂಗ್ಲ ಮಹಿಳೆಯ ಕಥೆಯನ್ನು ಓದಿದೆ. ೧೯೩೦ರಲ್ಲಿ ಆಕೆ ಸೈನ್ಯಾಧಿಕಾರಿಯಾದ ಗಂಡನೊಡನೆ ಈಜಿಪ್ಟಿನ ಕೈರೋ ನಗರಕ್ಕೆ ಬಂದಳು. ಮೊದಲನೆಯ ಮಹಾಯುದ್ಧ ಮುಗಿದು ಹನ್ನೆರಡು ವರ್ಷಗಳಾಗಿದ್ದುವು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ತನ್ನ ಸಾವಿರಾರು ಕುದುರೆಗಳನ್ನು ಊರಿಗೆ ಸಾಗಿಸುವ ಬದಲು ಅಲ್ಲಿಯೇ ಮಾರಿ ಹೋಗಿತ್ತು. ತೋಪು ಎಳೆದ ಕುದುರೆಗಳು ಕಲ್ಲಿನ ಗಾಡಿ ಎಳೆದುವು. ಆಕೆ ನೋಡುವ ಹೊತ್ತಿಗೆ ಅವು ಮುದಿಯಾಗಿ, ಕುರುಡಾಗಿ, ಕುಂಟಾಗಿ, ಮೂಳೆ ಎಣಿಸುವಂತಾಗಿದ್ದುವು. ಪ್ರವಾಸಿಗಳು ಪಿರಮಿಡ್ಡು ನೋಡಿಕೊಂಡು ಬರುವ ದಾರಿಯಲ್ಲಿಯೇ ಈ ಕುದುರೆಗಳೂ ಇದ್ದುವು. ಡೊರೊತಿ ಬ್ರೂಕ್ ನಿಂತು ನೋಡಿದಳು. ೧೯೩೧ರಲ್ಲಿ ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಗೆ ಒಂದು ಕಾಗದ ಬರೆದಳು. ಓದಿದ ಜನ ಹಣ ಕಳುಹಿಸಿದರು. ಮೂರು ವರ್ಷಗಳಲ್ಲಿ ಸುಮಾರು ೫,೦೦೦ ಕುದುರೆಗಳನ್ನು ಆಕೆ ಕೊಂಡಳು. ೧೯೩೪ರಲ್ಲಿ ಕೈರೋದಲ್ಲಿ ಯುದ್ಧದ ಹಳೆಯ ಕುದುರೆಗಳ ನೆನಪಿಗೆ ಒಂದು ಆಸ್ಪತ್ರೆ ಎದ್ದಿತು. ೧೯೫೫ರಲ್ಲಿ ಆಕೆ ತೀರಿಕೊಂಡದ್ದೂ ಮಣ್ಣಾದದ್ದೂ ಕೈರೋದಲ್ಲಿಯೇ.

ಈ ಕಥೆ ಯಾವುದೋ ದೇಶದ್ದು ಎಂದು ಪುಟ ಮಗುಚುವಂತಿಲ್ಲ. ಆ ರಣರಂಗದಲ್ಲಿ ನಮ್ಮವರೂ ಇದ್ದರು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ಅಶ್ವದಳದಲ್ಲಿ ಜೋಧಪುರದವರ ಜೊತೆಗೆ ಮೈಸೂರು ಲಾನ್ಸರ್ಸ್ ಪಡೆ ಇತ್ತು. ಎದುರಿಗೆ ಫಿರಂಗಿ, ಮಷಿನ್‌ಗನ್ನು. ಇವರ ಕೈಯಲ್ಲಿ ಭರ್ಜಿ. ಆ ಶೌರ್ಯದ ನೆನಪಿಗೆ ೧೯೨೨ರಲ್ಲಿ ದೆಹಲಿಯಲ್ಲಿ ಮೂರು ವಿಗ್ರಹಗಳನ್ನು ನಿಲ್ಲಿಸಿದರು. ಆ ಜಾಗಕ್ಕೆ ತೀನ್ ಮೂರ್ತಿ ಎಂದೇ ಹೆಸರಾಯಿತು. ಮೈಸೂರು, ಜೋಧಪುರ, ಹೈದರಾಬಾದು, ಸಂಸ್ಥಾನಕ್ಕೊಬ್ಬ ಸವಾರ. ದೆಹಲಿಗೆ ಹೋದಾಗ ನಾನೂ ನೋಡಿ ಹೆಮ್ಮೆಪಟ್ಟಿದ್ದೇನೆ. ಈಚೆಗೆ ಆ ಚಿತ್ರವನ್ನು ಮತ್ತೆ ನೋಡಿದಾಗ ಹೊಳೆಯಿತು: ಮೂವರೂ ನೆಲದ ಮೇಲೆ ನಿಂತಿದ್ದಾರೆ. ಅಶ್ವಾರೋಹಿಗಳ ಸ್ಮಾರಕದಲ್ಲಿ ಅಶ್ವವೇ ಇಲ್ಲ! ಶಿಲ್ಪಿಯನ್ನು ನಿಂದಿಸುತ್ತಿಲ್ಲ. ನಮ್ಮ ಕೃತಜ್ಞತೆಯ ಲೆಕ್ಕ ಎಲ್ಲಿಗೆ ನಿಲ್ಲುತ್ತದೆ ಎನ್ನುವುದಕ್ಕೆ ಅದೊಂದು ಗುರುತು.

ಬ್ರೂಕಳ ಕಥೆಯಲ್ಲಿ ನನ್ನನ್ನು ನಿಲ್ಲಿಸಿದ ಸಂಗತಿ ಬೇರೆ. ಕೊಂಡ ಕುದುರೆಗಳಲ್ಲಿ ಬಹುಪಾಲನ್ನು ಆಕೆ ಕೊಲ್ಲಿಸಬೇಕಾಯಿತು. ಅವು ಬದುಕುವ ಸ್ಥಿತಿಯನ್ನು ದಾಟಿದ್ದುವು. ಕೆಲವು ದಿನ ನೆರಳು, ನೀರು, ಹೊಟ್ಟೆ ತುಂಬ ಮೇವು; ಆಮೇಲೆ ನೋವಿಲ್ಲದ ಸಾವು. ಇದು ದಯೆಯೆ? ಗೋಶಾಲೆಯ ಸಂಪ್ರದಾಯದಲ್ಲಿ ಬೆಳೆದ ನಮ್ಮ ಮನಸ್ಸು ಥಟ್ಟನೆ “ಅಲ್ಲ” ಎನ್ನುತ್ತದೆ. ಕೊಲ್ಲಲಾರೆವು ಎಂದು ಕೈತೊಳೆದುಕೊಂಡು ಮುದಿಪ್ರಾಣಿಯನ್ನು ಬೀದಿಗೆ ಬಿಡುವುದು ನಮ್ಮಲ್ಲಿ ಅಹಿಂಸೆ ಎನಿಸಿಕೊಳ್ಳುವುದುಂಟು. ಆ ಅಹಿಂಸೆಯಲ್ಲಿ ನಮ್ಮ ಕೈ ಶುದ್ಧವಾಗಿ ಉಳಿಯುತ್ತದೆ. ನೋವು ಪ್ರಾಣಿಯ ಪಾಲಿಗೆ. ಆಕೆ ಮಾಡಿದ್ದು ಸರಿ ಎಂದು ತೀರ್ಪು ಕೊಡಲು ನನಗೆ ಇಂದಿಗೂ ಧೈರ್ಯ ಸಾಲದು. ಆದರೆ ತನ್ನ ಶುದ್ಧಿಗಿಂತ ಎದುರಿಗಿರುವ ನೋವು ದೊಡ್ಡದೆಂದು ಆಕೆ ಬಗೆದಳೆಂಬುದನ್ನು ಒಪ್ಪಲೇಬೇಕು.

ಇಷ್ಟು ದೂರದ ಕುದುರೆಗಳ ಮಾತಾಡುತ್ತಿರುವವನು ಹತ್ತಿರದ ಒಂದನ್ನು ಮರೆಯಬಾರದು.

ನನಗಾಗ ಒಂಬತ್ತು ವರ್ಷ. ಮಳೆಗಾಲದ ಒಂದು ಸಂಜೆ ಮೈಸೂರಿನ ರೈಲ್ವೆ ಸ್ಟೇಷನ್ನಿನ ಮುಂದೆ ನಮ್ಮ ಸಂಸಾರ ಸಾಮಾನು ಸರಂಜಾಮಿನೊಡನೆ ನಿಂತಿತ್ತು. ಸೋದರತ್ತೆಯ ಮನೆಗೆ ಹೋಗಬೇಕು. ತಂದೆಯವರು ಒಂದು ಜಟಕಾ ಗೊತ್ತುಮಾಡಿದರು. ಮುದುಕ ಸಾಬರು ಹದಿನೈದು ರೂಪಾಯಿ ಎಂದರು. ತಂದೆಯವರು ಹತ್ತಕ್ಕೆ ಇಳಿಸಿದರು. “ಏಳು ಜನ ಆಗ್ತೀರಿ ಸ್ವಾಮಿ, ರಸ್ತೆ ಏರು, ಇನ್ನೊಂದು ಗಾಡಿ ಮಾಡಿಕೊಳ್ಳಿ” ಎಂದು ಸಾಬರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. “ಮಕ್ಕಳು ಲೆಕ್ಕಕ್ಕಿಲ್ಲಪ್ಪ, ನಡಿ” ಎಂದರು ತಂದೆಯವರು. ಬೇರೆ ಬಾಡಿಗೆ ಸಿಕ್ಕುವ ಹೊತ್ತಲ್ಲ, ಸಾಬರು ಒಪ್ಪಿಕೊಂಡರು.

ಏರಿನಲ್ಲಿ ಕುದುರೆ ತಡವರಿಸಿತು. ಸಾಬರು ಚಾಟಿ ಎತ್ತಿ ಎರಡು ಕೊಟ್ಟರು. ನನಗೆ ಅಳು ಬಂತು. ಈ ಮುದುಕ ಎಂಥ ಕಟುಕ ಎಂದುಕೊಂಡೆ. ಇನ್ನೂ ನಾಲ್ಕು ಮಾರು ಹೋಗುವುದರೊಳಗೆ ಒದ್ದೆ ಟಾರಿನ ಮೇಲೆ ಲಾಳ ಜಾರಿ ಕುದುರೆ ಮಂಡಿಯೂರಿ ಬಿತ್ತು. ಮೂಕಿ ನೆಲಕ್ಕೆ ತಾಗಿತು. ನಾವೆಲ್ಲ ಒಬ್ಬರ ಮೇಲೊಬ್ಬರು ಉರುಳಿದೆವು. ಸಾಬರು ಧುಮುಕಿ, ಹೆಗಲ ಮೇಲಿನ ಟವಲನ್ನು ಅದರ ಮಂಡಿಯ ಕೆಳಕ್ಕೆ ತೂರಿಸಿ, ಕೊರಳನ್ನು ತಬ್ಬಿಕೊಂಡು ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಟವಲು ಕೆಂಪಾಗುತ್ತಿತ್ತು. ತಂದೆಯವರು ಉಳಿದ ದಾರಿಗೆ ನಾವು ನಡೆಯಬೇಕಾಯಿತೆಂದು ಎರಡು ರೂಪಾಯಿ ಹಿಡಿದುಕೊಂಡು ಎಂಟು ಕೊಟ್ಟರು. ಸಾಬರು ಎಣಿಸಿಯೂ ನೋಡಲಿಲ್ಲ.

ನನ್ನ ತಂದೆಯವರು ಕ್ರೂರಿಗಳಾಗಿರಲಿಲ್ಲ. ದಿನವೂ ಕಾಗೆಗೆ ಅನ್ನವಿಟ್ಟು ಊಟಕ್ಕೆ ಕೂರುವವರು. ಅವರಿಗೆ ಆ ಕುದುರೆ ಕಾಣಲೇ ಇಲ್ಲ, ಕಂಡದ್ದು ಬಾಡಿಗೆ. ನನಗೆ ಕುದುರೆ ಕಂಡಿತು. ಆದರೆ ಕಂಡದ್ದು ಸಾಬರ ಚಾಟಿ ಮಾತ್ರ, ನಮ್ಮ ಏಳು ಜನರ ಭಾರವಲ್ಲ. ಡ್ರೈವರನ್ನೂ ತೀರ ಚಿಕ್ಕ ಮಕ್ಕಳನ್ನೂ ಬಿಟ್ಟು ಗಾಡಿಯಲ್ಲಿ ನಾಲ್ಕೇ ಜನ ಕೂರಬೇಕೆಂದು ೧೯೬೫ರಿಂದಲೇ ನಮ್ಮ ದೇಶದಲ್ಲಿ ನಿಯಮವಿದೆಯೆಂದು ಎಷ್ಟೋ ಕಾಲದ ಮೇಲೆ ತಿಳಿಯಿತು. ಮಧ್ಯೆ ವಿಶ್ರಾಂತಿಯಿಲ್ಲದೆ ಐದು ಗಂಟೆಗಿಂತ ಹೆಚ್ಚು, ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದೆಂದೂ ಅದರಲ್ಲಿದೆ. ನಿಯಮ ಮುರಿಸಿದ್ದು ಚಾಟಿಯಲ್ಲ, ನಮ್ಮ ಐದು ರೂಪಾಯಿಯ ಉಳಿತಾಯ.

ಜೂನ್ ತಿಂಗಳಲ್ಲಿ ಹುಡುಗಿ ಹಿಂದಿರುಗಿದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಏನು ಕಲಿತೆ ಎಂದು ಈ ಸಲ ನಿಜವಾಗಿ ತಿಳಿಯಬೇಕೆಂದೇ ಕೇಳಿದೆ.

“ಮೊದಲ ಹತ್ತು ದಿನ ಲದ್ದಿ ಬಳಿಯೋದು, ನೀರು ಹೊರೋದು ಬಿಟ್ಟು ಬೇರೇನೂ ಕೊಡಲಿಲ್ಲ ಸಾರ್. ಮುಟ್ಟೋದಕ್ಕೇ ಬಿಡಲಿಲ್ಲ. ಸುಮ್ಮನೆ ನಿಂತು ನೋಡು ಅಂತಿದ್ದರು.”

ನೋಡುವುದೇ ಮೊದಲ ಪಾಠವಂತೆ. ಕುದುರೆ ಓಡಿ ಬದುಕುವ ಪ್ರಾಣಿ. ನೋವನ್ನು ಹೊರಗೆ ತೋರಿದರೆ ಕಾಡಿನಲ್ಲಿ ಬೇಟೆಯ ಮೃಗಕ್ಕೆ ಗುರುತು ಕೊಟ್ಟಂತೆ. ಆದ್ದರಿಂದ ನಾಯಿಯ ಹಾಗೆ ಕುಂಯ್‌ಗುಟ್ಟದು. ಕಿವಿ ಹಿಂದಕ್ಕೆ ಬಿಗಿದಿರುವುದು, ಕಣ್ಣಿನ ಮೇಲಿನ ಚರ್ಮ ಸೆಟೆದಿರುವುದು, ಮೂಗಿನ ಹೊಳ್ಳೆ ಬಿಗಿಯಾಗಿರುವುದು, ಒಂದು ಕಾಲಿನ ಭಾರವನ್ನು ಮತ್ತೆ ಮತ್ತೆ ಬದಲಾಯಿಸುವುದು, ಇವೇ ಅದರ ಅಕ್ಷರಮಾಲೆ. ನೇರ ಹಿಂದಿನದೂ ಹಣೆಯ ಬುಡದಲ್ಲಿರುವುದೂ ಅದಕ್ಕೆ ಕಾಣದು. ಭುಜದ ಕಡೆಯಿಂದ ಮಾತಾಡಿಸುತ್ತ ಹತ್ತಿರ ಹೋಗಬೇಕು.

ಎರಡನೆಯ ಪಾಠ ಇನ್ನೂ ಕಠಿಣ. ಬಂದ ದಿನವೇ ಒಂದು ಬಡಕಲು ಕುದುರೆಯ ಮುಂದೆ ಇವಳು ಮರುಕದಿಂದ ಬಕೀಟು ತುಂಬ ಕಾಳು ಇಡಲು ಹೋದಳಂತೆ. ಅಲ್ಲಿಯ ಹಳೆಯ ಆಳು ಓಡಿ ಬಂದು ಕಿತ್ತುಕೊಂಡನಂತೆ. ಕುದುರೆಯ ಜಠರ ಅದರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ದಿನವೆಲ್ಲ ಸ್ವಲ್ಪ ಸ್ವಲ್ಪ ಹುಲ್ಲು ಮೇಯುವುದಕ್ಕೆ ಆದದ್ದು. ತಿಂದದ್ದನ್ನು ಕಕ್ಕಲು ಅದಕ್ಕೆ ಬರುವುದಿಲ್ಲ. ಒಮ್ಮೆಗೇ ಕಾಳು ಸುರಿದರೆ ಹೊಟ್ಟೆಶೂಲೆಯಿಂದ ಸತ್ತೇಹೋಗಬಹುದು. “ನಾನು ಪ್ರೀತಿಯಿಂದಲೇ ಅದನ್ನ ಕೊಂದುಬಿಡ್ತಿದ್ದೆ ಸಾರ್” ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ದಯೆಗೂ ವಿದ್ಯೆ ಬೇಕು ಎಂಬುದನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿರಬಹುದು. ಅದು ಹೀಗೆ ಅರ್ಥವಾಗಿರಲಿಲ್ಲ. ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಅಶ್ವವೈದ್ಯವನ್ನು ಕುರಿತ ಗ್ರಂಥಗಳೂ ಕನ್ನಡದಲ್ಲಿವೆ. ನಾವು ಅಧ್ಯಾಪಕರು ಅವನ್ನು ಸಾಹಿತ್ಯಚರಿತ್ರೆಯ ಕೊನೆಯ ಸಾಲಿನಲ್ಲಿ ‘ಶಾಸ್ತ್ರಗ್ರಂಥಗಳು’ ಎಂದು ಹೇಳಿ ಮುಗಿಸುತ್ತೇವೆ. ನಳನ ಕಥೆಯಲ್ಲಿ ‘ಅಶ್ವಹೃದಯ’ ಎಂಬುದು ಒಂದು ವಿದ್ಯೆಯ ಹೆಸರು. ಬಾಹುಕನ ವೇಷದ ನಳ ಲಾಯದಿಂದ ಕೃಶವಾದ ಕುದುರೆಗಳನ್ನೇ ಆರಿಸಿಕೊಂಡಾಗ ಋತುಪರ್ಣ ರಾಜ ಆಕ್ಷೇಪಿಸುತ್ತಾನೆ. ರಾಜನಿಗೆ ಕಂಡದ್ದು ಮೈ. ಸೂತನಿಗೆ ಕಂಡದ್ದು ಹೃದಯ. ದ್ರೋಣಪರ್ವದಲ್ಲಿ ಸೈಂಧವವಧೆಯ ದಿನ, ಸೂರ್ಯ ಇಳಿಯುತ್ತಿರುವಾಗ, ಒಂದೊಂದು ಗಳಿಗೆಯೂ ಪ್ರತಿಜ್ಞೆಯ ಪ್ರಶ್ನೆಯಾಗಿರುವಾಗ, ಕೃಷ್ಣ ರಣದ ನಡುವೆ ಕುದುರೆಗಳನ್ನು ಬಿಚ್ಚುತ್ತಾನೆ. ಬಾಣಗಳನ್ನು ಕಿತ್ತು, ಮೈ ತಿಕ್ಕಿ, ನೀರು ಕುಡಿಸುತ್ತಾನೆ. “ಮನುಷ್ಯರಿಲ್ಲವೆ?” ಎಂದು ಆ ದಿನ ಕೇಳಿದ್ದರೆ ಅದಕ್ಕೊಂದು ಅರ್ಥವಿರುತ್ತಿತ್ತು. ಅರ್ಜುನ ಕೇಳಲಿಲ್ಲ.

ಮೂರನೆಯ ಪಾಠವನ್ನು ಹುಡುಗಿ ಕೊನೆಗೆ ಹೇಳಿದಳು. ಗಾಡಿಯವರ ಮೇಲೆ ಮೊದಲು ಅವಳಿಗೂ ನನ್ನ ಹಾಗೆಯೇ ಕೋಪವಿತ್ತಂತೆ. ಒಬ್ಬ ಗಾಡಿಯವನು ಒಂದು ದಿನದ ದುಡಿಮೆ ಬಿಟ್ಟು, ಹುಣ್ಣಾದ ಕುದುರೆಯನ್ನು ನಡೆಸಿಕೊಂಡು, ತಾನೂ ನಡೆದುಕೊಂಡು ಬಂದಿದ್ದನಂತೆ. ಅವನ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. “ಆವತ್ತಿಂದ ಕುದುರೆ ಹುಣ್ಣು ಬೇರೆ, ಅವನ ಬಡತನ ಬೇರೆ ಅಂತ ಅನ್ನಿಸಲಿಲ್ಲ ಸಾರ್” ಎಂದಳು.

ಬ್ರೂಕಳ ಹೆಸರಿನ ಸಂಸ್ಥೆಯೂ ಕಾಲಕ್ರಮದಲ್ಲಿ ಈ ಪಾಠಕ್ಕೇ ಬಂದು ಮುಟ್ಟಿದೆ. ಔಷಧ ಹಚ್ಚಿ ಕಳುಹಿಸಿದರೆ ಅದೇ ಜೀನು ಅದೇ ಹುಣ್ಣನ್ನು ಮತ್ತೆ ಮಾಡುತ್ತದೆ. ಆದ್ದರಿಂದ ಸಾಕುವವರನ್ನೇ ಕೂಡಿಸಿ ಅವರಿಂದಲೇ ಉಪಾಯ ಹುಡುಕಿಸುವ ಪದ್ಧತಿ ಬೆಳೆಯಿತು. ಉತ್ತರ ಭಾರತದ ಹಳ್ಳಿಗಳ ಅನುಭವದಿಂದ ಬೆಳೆದ ‘ಶೇರಿಂಗ್ ದಿ ಲೋಡ್’ ಎಂಬ ಕೈಪಿಡಿ ೨೦೧೧ರಲ್ಲಿ ಪ್ರಕಟವಾಯಿತು. ಅದರಲ್ಲೊಂದು ಅಭ್ಯಾಸವಿದೆ. ಊರವರು ನೆಲದ ಮೇಲೆ ಕುದುರೆಯ ಚಿತ್ರ ಬರೆದು, ಸುತ್ತ ಕುಳಿತು, “ನಾನೇ ಕುದುರೆಯಾಗಿದ್ದರೆ ನನ್ನ ಯಜಮಾನನಿಂದ ಏನೇನು ಬಯಸುತ್ತಿದ್ದೆ?” ಎಂದು ಒಬ್ಬೊಬ್ಬರೂ ಹೇಳಬೇಕು. ಹೊತ್ತಿಗೆ ನೀರು, ನೆರಳು, ಹಿಡಿಯುವಷ್ಟೇ ಭಾರ. ಆಮೇಲೆ ಅದರಲ್ಲಿ ಎಷ್ಟನ್ನು ಕೊಡುತ್ತಿದ್ದೇವೆಂದು ತಮಗೆ ತಾವೇ ಅಂಕ ಹಾಕಿಕೊಳ್ಳಬೇಕು. ಅಶ್ವಹೃದಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಓದಿಲ್ಲ.

ಹಾಗಾದರೆ ದೂರ ಹೋಗಬೇಕೆ, ಬೇಡವೆ? ಎರಡು ದಿನ ಹೋಗಿ, ಕುದುರೆಯ ಕೊರಳು ತಬ್ಬಿ, ಪಟ ತೆಗೆಸಿಕೊಂಡು ಬರುವವರಿಂದ ಅಲ್ಲಿಯವರಿಗೆ ತೊಂದರೆಯೇ ಹೆಚ್ಚು. ಕೈಯಲ್ಲಿ ಕಸಬಿಲ್ಲದವನು ಕಲಿಯುವವನಾಗಿ ಹೋಗಬೇಕೇ ಹೊರತು ಉದ್ಧಾರಕನಾಗಿ ಅಲ್ಲ. ಆದರೆ ಒಂದು ಮಾತು ನಿಜ. ಪ್ರತಿದಿನ ನೋಡುವುದು ನಮಗೆ ಕಾಣುವುದಿಲ್ಲ. ಕೈರೋದಲ್ಲಿ ಹುಟ್ಟಿ ಬೆಳೆದವರಿಗೆ ಆ ಕುದುರೆಗಳು ಬೀದಿಯ ಭಾಗವಾಗಿಹೋಗಿದ್ದುವು; ಹೊಸದಾಗಿ ಬಂದ ಕಣ್ಣು ಕಂಡಿತು. ಅದೇ ಕಣ್ಣನ್ನು ಹಿಂದಿರುಗುವಾಗ ಊರಿಗೆ ತಂದುಕೊಂಡರೆ ಪ್ರಯಾಣ ಸಾರ್ಥಕ. ಇಲ್ಲದಿದ್ದರೆ ಅದು ತಿರುಗಾಟ.

ಹೋದ ತಿಂಗಳು ನಾವಿಬ್ಬರೂ ಒಂದು ಕೆಲಸಕ್ಕಾಗಿ ಮೈಸೂರಿಗೆ ಹೋಗಿದ್ದೆವು. ಅರಮನೆಯ ಬಳಿ ಟಾಂಗಾಗಳು ನಿಂತಿದ್ದುವು. ಅವಳು ಒಂದು ಕುದುರೆಯ ಭುಜದ ಪಕ್ಕಕ್ಕೆ ಹೋಗಿ ನಿಂತು, ಗಾಡಿಯವರನ್ನು “ಭಾಯಿ, ಇದಕ್ಕೆ ಬೆಳಗ್ಗೆಯಿಂದ ಎಷ್ಟು ಸಲ ನೀರಾಯ್ತು?” ಎಂದು ಕೇಳಿದಳು. ಗಾಡಿಯವರು ಮೊದಲು ಮುಖ ಗಂಟಿಕ್ಕಿದರು. ಆಮೇಲೆ ನಲ್ಲಿ ಎಷ್ಟು ದೂರವೆಂದು ಹೇಳತೊಡಗಿದರು. ಆಮೇಲೆ ಕಾಲೆತ್ತಿ ಲಾಳ ತೋರಿಸಿದರು. ಅವರಿಬ್ಬರ ಮಾತು ಅರ್ಧ ಗಂಟೆ ನಡೆಯಿತು. ನಾನು ಸುಮ್ಮನೆ ನಿಂತು ನೋಡಿದೆ.

ಹೊರಡುವಾಗ ಸ್ಟೇಷನ್ನಿಗೆ ಅದೇ ಗಾಡಿ ಮಾಡಿದೆವು. ಬಾಡಿಗೆ ಎಷ್ಟೆಂದು ಕೇಳಿದೆ. ಅವರು ಹೇಳಿದಷ್ಟಕ್ಕೇ ಹತ್ತಿ ಕುಳಿತೆ. ಮೂವತ್ತೈದು ವರ್ಷಗಳ ಹಿಂದಿನ ಎರಡು ರೂಪಾಯಿ ಅದರಿಂದ ತೀರಿತೆಂದು ನಾನು ಭಾವಿಸಿಲ್ಲ.