ಸಲಾಮ್ ಹೇಳದೆ ಒಳಬರುವವರು

ನಮ್ಮ ಅಕ್ಕನ ಮಗಳು ಒಂದು ರಾತ್ರಿ, ಮನೆಮಂದಿಯೆಲ್ಲ ಮಲಗಿದ ಮೇಲೆ, ಮೊಬೈಲ್ ಹಿಡಿದು ಕೂತಳು. ಅದು ಅವಳ ಗಂಡನ ಮೊಬೈಲ್. ಹಗಲೆಲ್ಲ ಅವನ ಜೇಬಿನಲ್ಲಿರುತ್ತದೆ, ಸಂಜೆ ಕ್ರಿಕೆಟ್ ಸ್ಕೋರಿಗಾಗಿ ಮೈದುನನ ಕೈಯಲ್ಲಿ, ಆಮೇಲೆ ಮಕ್ಕಳ ಹೋಂವರ್ಕಿಗೆ. ಇವಳ ಸರದಿ ಬರುವುದು ಎಲ್ಲರದೂ ಮುಗಿದ ನಂತರವೇ. ಆ ರಾತ್ರಿ ಅವಳು ಹುಡುಕಿದ್ದು, ಸ್ತನದಲ್ಲಿ ಕೈಗೆ ಸಿಗುತ್ತಿದ್ದ ಒಂದು ಸಣ್ಣ ಗಂಟು ಏನಿರಬಹುದೆಂದು. ನಾಲ್ಕಾರು ಪುಟ ಓದಿದಳು, ಹೆದರಿದಳು. ಮೊದಲು ಗಂಡನಿಗೆ ಹೇಳಿ ಆಮೇಲೆ ಲೇಡಿ ಡಾಕ್ಟರಿಗೆ ತೋರಿಸುವುದೆಂದು ನಿಶ್ಚಯಿಸಿಕೊಂಡಳು. ಹುಡುಕಿದ್ದರ ಪಟ್ಟಿಯನ್ನು ಅಳಿಸಿ, ಮೊಬೈಲನ್ನು ಚಾರ್ಜಿಗೆ ಇಟ್ಟು ಮಲಗಿದಳು.

ಮಾರನೆಯ ದಿನ ಗಂಡ ಬಂದದ್ದು ತಡವಾಗಿ. ಹೇಳಲಾಗಲಿಲ್ಲ. ಅದರ ಮರುಸಂಜೆ ಮೈದುನ ಸ್ಕೋರು ನೋಡುತ್ತಿದ್ದಾಗ ನಡುವೆ ಒಂದು ಆಸ್ಪತ್ರೆಯ ಜಾಹೀರಾತು ಬಂತು. ಸ್ತನ ಕ್ಯಾನ್ಸರಿನ ತಪಾಸಣೆಗೆ ರಿಯಾಯಿತಿಯಂತೆ. ಹುಡುಗ ಕೆಟ್ಟವನಲ್ಲ. "ಇದೇನು, ನಮ್ಮ ಮೊಬೈಲಿನಲ್ಲಿ ಇಂಥದ್ದೆಲ್ಲ ಬರ್ತಿದೆ?" ಎಂದು ಗಟ್ಟಿಯಾಗಿ ಕೇಳಿಬಿಟ್ಟ. ಅತ್ತೆ ಸೊಸೆಯ ಮುಖ ನೋಡಿದರು. ಮುಖ ಹೇಳಬಾರದ್ದನ್ನು ಹೇಳಿತು. ಒಂದು ವಾರದಲ್ಲಿ ಸುದ್ದಿ ಗಲ್ಲಿ ದಾಟಿತ್ತು. ಡಾಕ್ಟರು ಪರೀಕ್ಷೆ ಮಾಡಿ ಹೆದರುವಂಥದ್ದೇನೂ ಅಲ್ಲ ಎಂದರು, ಅಲ್‌ಹಮ್ದುಲಿಲ್ಲಾಹ್. ಆದರೆ ಅವಳ ತಂಗಿಯನ್ನು ನೋಡಿಹೋಗಿದ್ದವರು, ಆ ಮನೆಯಲ್ಲಿ ಆ ಕಾಯಿಲೆ ಇದೆಯಂತೆ ಎಂದು ಕೇಳಿ, ಮತ್ತೆ ಬರಲಿಲ್ಲ.

"ಮಾಮೂ, ನಾನು ಎಲ್ಲ ಅಳಿಸಿದ್ದೆ. ಅದಕ್ಕೆ ಹೇಗೆ ಗೊತ್ತಾಯ್ತು?" ಎಂದು ಅವಳು ನಮ್ಮನ್ನು ಕೇಳಿದಳು. ಅವಳು 'ಅವರಿಗೆ' ಎನ್ನಲಿಲ್ಲ, 'ಅದಕ್ಕೆ' ಎಂದಳು. ನಾವು ಕತೆ ಬರೆಯುವವರು, ಕಂಪ್ಯೂಟರ್ ಪಂಡಿತರಲ್ಲ. ಉತ್ತರ ಹುಡುಕಲು ಕೆಲವು ತಿಂಗಳು ಹಿಡಿಯಿತು. ಯಂತ್ರದ ಉತ್ತರ ಬೇಗನೆ ಸಿಕ್ಕಿತು, ಮನುಷ್ಯರ ಉತ್ತರಕ್ಕೇ ತಡವಾದದ್ದು.

ದರ್ಗಾದ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಒಂದು ಬಿಲ್ಲೆ ಕೊಡುತ್ತಾರೆ. ಮರಳಿ ಬಂದಾಗ ಬಿಲ್ಲೆ ತೋರಿಸಿದರೆ ನಮ್ಮ ಚಪ್ಪಲಿ ಯಾವುದೆಂದು ಗೊತ್ತಾಗುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪೆನಿಯ ಲೂ ಮೊಂಟುಲ್ಲಿ ಎಂಬವರು ಅಂತರ್ಜಾಲಕ್ಕೆ ಇಂಥದ್ದೇ ಒಂದು ಬಿಲ್ಲೆ ಮಾಡಿದರು. ಅದೇ ಕುಕೀ. ಅಂಗಡಿಯ ಬುಟ್ಟಿಯಲ್ಲಿ ಏನಿಟ್ಟಿದ್ದೇವೆಂದು ಜಾಲತಾಣಕ್ಕೆ ನೆನಪಿರಲಿ ಎಂಬುದಷ್ಟೇ ಉದ್ದೇಶ. ಪಾಪದ ವಸ್ತು. ಆದರೆ ಬಜಾರಿನ ಎಲ್ಲ ಅಂಗಡಿಗಳ ಬಾಗಿಲಲ್ಲೂ ಒಬ್ಬನೇ ಚಪ್ಪಲಿ ಕಾಯುವವನು ಕೂತು, ಒಂದೇ ನಂಬರಿನ ಬಿಲ್ಲೆಯಿಂದ ನಮ್ಮನ್ನು ಗುರುತಿಸತೊಡಗಿದರೆ? ಬಟ್ಟೆ ಅಂಗಡಿಯಿಂದ ಎಷ್ಟು ಹೊತ್ತಿಗೆ ಹೊರಟೆವು, ಔಷಧದಂಗಡಿಯಲ್ಲಿ ಏನು ಕೇಳಿದೆವು, ವಕೀಲರ ಮೆಟ್ಟಿಲು ಯಾಕೆ ಹತ್ತಿದೆವು ಎಲ್ಲವೂ ಅವನ ಪುಸ್ತಕದಲ್ಲಿ. ಇದು ಮೂರನೆಯವರ ಕುಕೀ. ನಮ್ಮ ಹುಡುಗಿ ಅಳಿಸಿದ್ದು ತನ್ನ ಕಡೆಯ ಪಟ್ಟಿಯನ್ನು. ಅವನ ಪುಸ್ತಕ ಅವನ ಬಳಿಯೇ ಇತ್ತು.

ಬಿಲ್ಲೆ ಎಸೆದರೂ ಬಿಡುಗಡೆಯಿಲ್ಲ. ನಮ್ಮ ಮೊಬೈಲಿನ ಪರದೆಯ ಅಳತೆ, ಅದರಲ್ಲಿರುವ ಅಕ್ಷರವಿನ್ಯಾಸಗಳು, ಭಾಷೆ, ಗಡಿಯಾರದ ವಲಯ ಇವನ್ನೆಲ್ಲ ಸೇರಿಸಿ ನೋಡಿದರೆ ಅದು ಬೆರಳಚ್ಚಿನಂತೆ ಆಗುತ್ತದೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4 ಲಕ್ಷ 70 ಸಾವಿರ ಬ್ರೌಸರುಗಳನ್ನು ಪರೀಕ್ಷಿಸಿದಾಗ ನೂರಕ್ಕೆ 83ಕ್ಕೂ ಹೆಚ್ಚಿನವು ಬೇರೆ ಯಾವುದನ್ನೂ ಹೋಲುತ್ತಿರಲಿಲ್ಲ. ಸಂತೆಯಲ್ಲಿ ಬುರ್ಖಾ ಹಾಕಿಕೊಂಡು ನಡೆದರೂ ನಡಿಗೆಯಿಂದಲೇ ಗುರುತು ಹಿಡಿಯುವ ನಮ್ಮ ಖಾಲಾಗಳ ಹಾಗೆ.

ಈ ವಿಷಯವನ್ನು ನಾವು ಒಂದು ದಿನ ಜುಹರ್ ನಮಾಜಿನ ನಂತರ ಮಸೀದಿಯ ಅಂಗಳದಲ್ಲಿ ಎತ್ತಿದೆವು; ಹುಡುಗಿಯ ಸುದ್ದಿ ತರದೆ, ಬರೀ ಬ್ರೌಸರಿನ ಮಾತಾಗಿ. ಉರ್ದು ಶಾಲೆಯಲ್ಲಿ ನಮಗೆ ಅಲಿಫ್ ಬೇ ತಿದ್ದಿಸಿದ ಉಸ್ತಾದರು ಅಲ್ಲಿದ್ದರು. ಅವರು ನಕ್ಕು, "ಬೇಟಾ, ಅಲ್ಲಾಹನು ಎಲ್ಲವನ್ನೂ ನೋಡುತ್ತಿದ್ದಾನೆ. ತಪ್ಪು ಮಾಡದವನಿಗೆ ಮುಚ್ಚಿಡುವುದು ಏನಿದೆ?" ಎಂದರು. ಈ ಮಾತನ್ನು ನಾವು ಬೇರೆಬೇರೆ ಬಾಯಿಗಳಲ್ಲಿ ಕೇಳಿದ್ದೇವೆ. ಸರಕಾರದವರೂ ಹೇಳುತ್ತಾರೆ, ಕಂಪೆನಿಯವರೂ ಹೇಳುತ್ತಾರೆ, ಮಗಳ ಮೊಬೈಲನ್ನು ತಪಾಸಣೆ ಮಾಡುವ ಅಪ್ಪಂದಿರೂ ಹೇಳುತ್ತಾರೆ. ಉಸ್ತಾದರ ಬಾಯಲ್ಲಿ ಅದು ಈಮಾನಿನ ಮಾತಾದ್ದರಿಂದ ಆ ಹೊತ್ತು ಎದುರಾಡಲು ತೋಚಲಿಲ್ಲ.

ಮನೆಗೆ ಬಂದ ಮೇಲೆ ಹೊಳೆಯಿತು. ನಾವು ಅಲ್ಲಾಹನನ್ನು ಬಸೀರ್, ಎಲ್ಲವನ್ನೂ ನೋಡುವವನು ಎಂದು ಕರೆಯುವಂತೆಯೇ ಸತ್ತಾರ್, ಮುಚ್ಚುವವನು ಎಂದೂ ಕರೆಯುತ್ತೇವೆ. ನಮ್ಮ ತಾಯಂದಿರು ದುವಾದಲ್ಲಿ ಅತ್ತು ಕರೆಯುವುದು ಹೆಚ್ಚಾಗಿ ಈ ಎರಡನೆಯ ಹೆಸರನ್ನೇ. ಎಲ್ಲವನ್ನೂ ನೋಡಬಲ್ಲವನು ನೋಡಿದ್ದನ್ನು ಮುಚ್ಚುತ್ತಾನೆ. ಬಿಲ್ಲೆಯವನು ಒಂದಿಷ್ಟನ್ನು ನೋಡಿ, ಉಳಿದದ್ದನ್ನು ಊಹಿಸಿ, ಎರಡನ್ನೂ ಮಾರುತ್ತಾನೆ. ಇಬ್ಬರೂ ನೋಡುತ್ತಾರಲ್ಲ ಎಂದು ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ? ಪವಿತ್ರ ಕುರ್‌ಆನಿನ 49ನೆಯ ಅಧ್ಯಾಯದ 12ನೆಯ ವಚನ ಇತರರ ಗುಟ್ಟನ್ನು ಕೆದಕಬಾರದೆಂದು ವಿಧಿಸುತ್ತದೆ. ತಪ್ಪು ಮಾಡದವರ ಗುಟ್ಟನ್ನು ಮಾತ್ರ ಎಂದು ಅಲ್ಲಿ ವಿನಾಯಿತಿ ಇಲ್ಲ. ಅದೇ ವಚನ ದುರನುಮಾನವನ್ನೂ ಬೆನ್ನಹಿಂದಿನ ಮಾತನ್ನೂ ಒಟ್ಟಿಗೇ ನಿಷೇಧಿಸುವುದನ್ನು ನೋಡಿ. ಜಾಹೀರಾತಿನ ಆ ಯಂತ್ರ ಮಾಡಿದ್ದು ಇವೇ ಮೂರು ಕೆಲಸ: ಕೆದಕಿತು, ಅನುಮಾನಿಸಿತು, ಅವಳ ಬೆನ್ನಹಿಂದೆ ಮನೆಯವರಿಗೆ ಹೇಳಿತು.

ಪ್ರವಾದಿವರ್ಯರ(ಸ) ಮನೆಯ ಬಾಗಿಲ ಸಂದಿಯಿಂದ ಒಬ್ಬ ಇಣುಕಿದ ಪ್ರಸಂಗ ಹದೀಸ್‌ಗಳಲ್ಲಿದೆ. ಅವರು ಅವನನ್ನು ಕಠಿಣವಾಗಿ ಗದರಿದರು. ಅನುಮತಿ ಕೇಳುವ ನಿಯಮ ಬಂದದ್ದೇ ದೃಷ್ಟಿಯ ಕಾರಣದಿಂದ ಎಂಬುದು ಅವರ ಮಾತಿನ ಸಾರ. ಕಾಲು ಹೊಸ್ತಿಲು ದಾಟುವುದು ಆಮೇಲಿನದು, ಮೊದಲು ದಾಟುವುದು ಕಣ್ಣು. 24ನೆಯ ಅಧ್ಯಾಯದಲ್ಲಿ ಸಲಾಮ್ ಹೇಳಿ ಒಪ್ಪಿಗೆ ಪಡೆಯದೆ ಇನ್ನೊಬ್ಬರ ಮನೆ ಹೊಗಬಾರದೆಂದಿದೆ. ಹಿಂದಿರುಗಿ ಎಂದರೆ ಹಿಂದಿರುಗಬೇಕೆಂದೂ ಇದೆ. ನಾವು ಚಿಕ್ಕವರಿದ್ದಾಗ ನಮ್ಮ ಓಣಿಯ ಮನೆಗಳಿಗೆ ಗಟ್ಟಿ ಕದಗಳಿರಲಿಲ್ಲ, ಗೋಣಿತಾಟಿನ ಪರದೆ ಅಷ್ಟೇ. ಗಾಳಿಗೆ ಹಾರುವ ಆ ಪರದೆಯನ್ನು ಒಬ್ಬರೂ ಸರಿಸುತ್ತಿರಲಿಲ್ಲ. ದೂರದಲ್ಲೇ ನಿಂತು ಕೆಮ್ಮುತ್ತಿದ್ದರು.

ಅಂತರ್ಜಾಲದಲ್ಲೂ ಇಂಥ ಒಂದು ಗೋಣಿತಾಟಿನ ಪರದೆ ಇತ್ತೆಂದರೆ ಓದುಗರು ನಂಬಲಿಕ್ಕಿಲ್ಲ. 'ನನ್ನನ್ನು ಹಿಂಬಾಲಿಸಬೇಡಿ' ಎಂಬ ಒಂದು ಸೂಚನೆಯನ್ನು 2011ರ ಹೊತ್ತಿಗೆ ಬ್ರೌಸರುಗಳಲ್ಲಿ ಅಳವಡಿಸತೊಡಗಿದರು. ಅದನ್ನು ಒತ್ತಿದರೆ ಹೋದ ಜಾಲತಾಣಕ್ಕೆಲ್ಲ ನಮ್ಮ ವಿನಂತಿ ತಲಪುತ್ತಿತ್ತು. ಪಾಲಿಸಲೇಬೇಕೆಂಬ ಕಟ್ಟು ಇರಲಿಲ್ಲ. ಬಹುತೇಕರು ಪಾಲಿಸಲೂ ಇಲ್ಲ. 2019ರಲ್ಲಿ ಆಪಲ್ ತನ್ನ ಸಫಾರಿಯಿಂದ ಅದನ್ನು ಕಿತ್ತಿತು, 2025ರಲ್ಲಿ ಫೈರ್‌ಫಾಕ್ಸ್ ಕೂಡ. ಈಗ ಹಲವು ತಾಣಗಳಲ್ಲಿ ಅನುಮತಿ ಕೇಳುವ ಫಲಕ ಬರುತ್ತದೆ, ನಿಜ. 'ಎಲ್ಲ ಒಪ್ಪುತ್ತೇನೆ' ದೊಡ್ಡದಾಗಿ, ಬಣ್ಣದಲ್ಲಿ. 'ಬೇಡ' ಎಂಬುದು ನಾಲ್ಕು ಕೋಣೆ ದಾಟಿದ ಮೇಲೆ. ಹೊಸ್ತಿಲ ಒಳಗೆ ಕಾಲಿಟ್ಟುಕೊಂಡೇ ಸಲಾಮ್ ಹೇಳುವ ರೀತಿ ಇದು.

ಕೆಮ್ಮಿಗೆ ಬೆಲೆಯಿಲ್ಲದ ಮೇಲೆ ಕದ ಹಾಕಿಸಬೇಕಾಗುತ್ತದೆ. ಬ್ರೌಸರಿನ ಆಯ್ಕೆಯೆಂದರೆ ಇದೇ. ಅಕ್ಕನ ಮಗಳು ಮೊದಲು ಕೇಳಿದ್ದು, "ಆ ಗುಪ್ತ ಕಿಟಕಿ ಇದೆಯಲ್ಲ ಮಾಮೂ, ಅದರಲ್ಲಿ ನೋಡಿದ್ದರೆ ಆಗುತ್ತಿತ್ತಾ?" ಎಂದು. ಅರ್ಧ ಆಗುತ್ತಿತ್ತು. ಮುಚ್ಚಿದೊಡನೆ ಅದು ಮೊಬೈಲಿನಲ್ಲಿನ ಜಾಡನ್ನು ಅಳಿಸುತ್ತದೆ. ಮನೆಯವರಿಂದ ಮರೆಮಾಡುತ್ತದೆ, ಹೊರಗಿನವರಿಂದ ಅಲ್ಲ. ಕ್ರೋಮಿನ ಇನ್‌ಕಾಗ್ನಿಟೊದಲ್ಲೂ ಮಾಹಿತಿ ಸಂಗ್ರಹಿಸುತ್ತಿದೆಯೆಂದು 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ದಾವೆ ಹೂಡಲಾಯಿತು. 2024ರ ಒಪ್ಪಂದದಲ್ಲಿ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಅದು ಒಪ್ಪಿಕೊಂಡಿತು. ಮೂರನೆಯವರ ಕುಕೀಗಳನ್ನು ಎರಡು ವರ್ಷದಲ್ಲಿ ನಿಲ್ಲಿಸುತ್ತೇವೆಂದು 2020ರಲ್ಲಿ ಹೇಳಿದ್ದ ಅದೇ ಕಂಪೆನಿ ಮುಂದೂಡುತ್ತ ಬಂದು, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಅದರ ಆದಾಯದ ಬಹುಪಾಲು ಜಾಹೀರಾತಿನದು. ಬಿಲ್ಲೆಯವನೇ ಕದ ಮಾಡಿಕೊಟ್ಟರೆ ಅದರಲ್ಲಿ ಸಂದಿ ಇರುವುದು ಸಹಜವೇ.

ಹಾಗಾದರೆ ಯಾವುದು? ಸಫಾರಿ 2020ರಿಂದ ಮೂರನೆಯವರ ಕುಕೀಗಳನ್ನು ತಾನಾಗಿಯೇ ತಡೆಯುತ್ತದೆ, ಆದರೆ ಅದು ಆಪಲ್ ಫೋನ್ ಕೊಳ್ಳಬಲ್ಲವರಿಗೆ. ಫೈರ್‌ಫಾಕ್ಸ್ 2019ರಿಂದ ಹಿಂಬಾಲಕರನ್ನು ತಡೆಯುತ್ತ, 2022ರಿಂದ ಪ್ರತಿ ತಾಣದ ಬಿಲ್ಲೆಯನ್ನು ಬೇರೆಬೇರೆ ಡಬ್ಬಿಯಲ್ಲಿಡುತ್ತದೆ. ಲಾಭಕ್ಕಲ್ಲದ ಸಂಸ್ಥೆಯೊಂದು ಅದರ ಒಡೆಯ. ಹಾಗೆಂದು ನಿಷ್ಕಳಂಕವೇನಲ್ಲ. ಅದರ ಆದಾಯದ ದೊಡ್ಡ ಪಾಲು ಬರುವುದು ಗೂಗಲಿನಿಂದ, ಗೂಗಲನ್ನೇ ಮೊದಲ ಹುಡುಕಾಟ ಯಂತ್ರವಾಗಿ ಇಟ್ಟದ್ದಕ್ಕೆ. ಬ್ರೇವ್ ಜಾಹೀರಾತನ್ನೂ ಹಿಂಬಾಲಕರನ್ನೂ ಚೆನ್ನಾಗಿ ತಡೆಯುತ್ತದೆ. 2020ರಲ್ಲಿ ಬಳಕೆದಾರರು ಬರೆದ ವಿಳಾಸಕ್ಕೆ ತನ್ನ ಕಮಿಷನ್ ಗುರುತು ಸೇರಿಸಿ ಸಿಕ್ಕಿಬಿದ್ದು ಕ್ಷಮೆ ಕೇಳಿತು. ಖಾಸಗಿತನದ ಹೆಸರಲ್ಲೇ ಬೆಳೆದ ಡಕ್‌ಡಕ್‌ಗೋ ಮೈಕ್ರೋಸಾಫ್ಟಿನ ಕೆಲವು ಹಿಂಬಾಲಕರನ್ನು ತನ್ನ ಬ್ರೌಸರಿನಲ್ಲಿ ಬಿಟ್ಟಿದ್ದದ್ದು 2022ರಲ್ಲಿ ಬಯಲಾಯಿತು, ಅದೇ ವರ್ಷ ತಿದ್ದಿಕೊಂಡಿತು. ಎಲ್ಲಕ್ಕಿಂತ ಗಟ್ಟಿ ಟಾರ್ ಬ್ರೌಸರ್. ನಮ್ಮ ಕೋರಿಕೆಯನ್ನು ಮೂರು ಕೈ ಬದಲಿಸಿ ಕಳಿಸುವುದರಿಂದ ಹೊರಟವರು ಯಾರೆಂದು ತಲಪಿದವರಿಗೆ ತಿಳಿಯದು. ಆದರೆ ನಿಧಾನ. ಜೀವಭಯವಿರುವ ಪತ್ರಕರ್ತನಿಗೆ ಅದು ಬೇಕು, ಬಿರಿಯಾನಿ ಮಾಡುವ ವಿಧಾನ ಹುಡುಕುವವರಿಗೆ ಬೇಕಿಲ್ಲ.

ನಾವು ಅವಳಿಗೆ ಹಾಕಿಕೊಟ್ಟದ್ದು ಫೈರ್‌ಫಾಕ್ಸ್, ಜೊತೆಗೆ ಯುಬ್ಲಾಕ್ ಆರಿಜಿನ್ ಎಂಬ ತಡೆ. ಅದರಲ್ಲೇ ಖಾಸಗಿ ಕಿಟಕಿ ತೆರೆಯುವುದು, ಯಾವ ಖಾತೆಗೂ ಲಾಗಿನ್ ಆಗದೆ ನೋಡುವುದು, ಇಷ್ಟು ಕಲಿಸಿದೆವು. ಇಂಟರ್‌ನೆಟ್ ಕೊಡುವ ಕಂಪೆನಿಗೆ ಯಾವ ತಾಣಕ್ಕೆ ಹೋದಳೆಂಬುದು ಆಗಲೂ ಕಾಣಬಹುದು ಎಂದೂ ಹೇಳಿದೆವು. ಪೂರಾ ಮುಚ್ಚುವ ಕದ ನಮ್ಮ ಬಳಿ ಇರಲಿಲ್ಲ.

ಬ್ರೌಸರಿನಿಂದ ಒಂದು ಹೆಜ್ಜೆ ಆಚೆಯದಾದರೂ ಇದನ್ನು ಹೇಳದೆ ಇರಲಾಗುವುದಿಲ್ಲ. ನಮಾಜಿನ ವೇಳೆ ಮತ್ತು ಕಿಬ್ಲಾ ತೋರಿಸುವ ಮುಸ್ಲಿಂ ಪ್ರೋ ಎಂಬ ಆ್ಯಪನ್ನು 9 ಕೋಟಿಗೂ ಹೆಚ್ಚು ಸಲ ಇಳಿಸಿಕೊಳ್ಳಲಾಗಿತ್ತು. ಅದರಿಂದ ಬಳಕೆದಾರರಿದ್ದ ಸ್ಥಳದ ವಿವರ ಎಕ್ಸ್-ಮೋಡ್ ಎಂಬ ದಲ್ಲಾಳಿ ಕಂಪೆನಿಗೆ ಹೋಗುತ್ತಿತ್ತೆಂದೂ, ಆ ದಲ್ಲಾಳಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರಿದ್ದರೆಂದೂ 2020ರ ನವೆಂಬರಿನಲ್ಲಿ ವೈಸ್ ಪತ್ರಿಕೆ ಬರೆಯಿತು. ಆ್ಯಪಿನವರು ಸಂಬಂಧ ಕಡಿದುಕೊಂಡರು. ಸೂಕ್ಷ್ಮ ಸ್ಥಳಗಳ ಮಾಹಿತಿ ಮಾರದಂತೆ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ದಲ್ಲಾಳಿಗೆ ತಡೆ ಹಾಕಿತು. ಸಜ್ದಾ ಮಾಡಿದ ಜಾಗವೂ ಮಾರಾಟದ ಸರಕಾಗಿತ್ತು ಎನ್ನಿ. ವೇಳೆ ತಿಳಿಯಲು ಬ್ರೌಸರಿನಲ್ಲಿ ಊರಿನ ಹೆಸರು ಬರೆದರೆ ಸಾಕು. ಕಿಬ್ಲಾ ನಮ್ಮ ಕಡೆಯಿಂದ ಪಶ್ಚಿಮಕ್ಕೆ, ಕೊಂಚ ಬಡಗಣಕ್ಕೆ ವಾಲಿ. ನಮ್ಮಜ್ಜ ಅದನ್ನು ಮುಳುಗುವ ಸೂರ್ಯನನ್ನು ನೋಡಿ ಹೇಳುತ್ತಿದ್ದರು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರಾದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಕೋರ್ಟಿನ ಕದ ತಟ್ಟಿದ್ದರು. ಹಕ್ಕು ಅಂದೇ ಸಿಕ್ಕಿತು. ಆದರೆ ಅದು ಒಂದು ಮನೆಯ ಅಡುಗೆಕೋಣೆಯವರೆಗೆ ಬರಲು ಕೋರ್ಟೊಂದೇ ಸಾಲದು.

ಏಕೆಂದರೆ, ಈ ಕತೆ ಕೇಳಿದ ನಮ್ಮ ಮನೆಯಲ್ಲೇ ಒಬ್ಬರು, "ಒಳ್ಳೆಯದೇ ಆಯ್ತಲ್ಲ, ಜಾಹೀರಾತಿನಿಂದಲೇ ಬೇಗ ಡಾಕ್ಟರ ಹತ್ತಿರ ಹೋದಳು" ಎಂದರು. ನಾವೂ ಒಂದು ಕ್ಷಣ ಹೌದೆಂದುಕೊಂಡೆವು. ಈ ಮಾತನ್ನು ಅವಳಿಗೆ ತಿಳಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹೋಗುವವಳೇ ಇದ್ದೆ ಮಾಮೂ. ಅವರಿಗೆ ನಾನೇ ಹೇಳಬೇಕಿತ್ತು, ಅಷ್ಟೇ" ಎಂದಳು. ಗಂಡನಿಗೆ ಹೇಗೆ ಹೇಳುವುದೆಂದು ಎರಡು ದಿನ ಮಾತು ಜೋಡಿಸಿಕೊಂಡಿದ್ದಳಂತೆ. ಅವಳಿಂದ ಹೋದದ್ದು ಗುಟ್ಟಲ್ಲ, ಆ ಮಾತು. ಯಾರಿಗೆ, ಯಾವಾಗ, ಯಾವ ದನಿಯಲ್ಲಿ ಹೇಳಬೇಕೆಂಬುದನ್ನು ಅವಳಿಗಿಂತ ಮೊದಲೇ ಒಂದು ಯಂತ್ರ ತೀರ್ಮಾನಿಸಿತು, ಒಂದು ಮನೆ ಅದನ್ನು ಕೈಬದಲಿಸಿತು. ಯಂತ್ರಕ್ಕೆ ಬೇರೆ ಬ್ರೌಸರ್ ಹಾಕಬಹುದು. ಗಲ್ಲಿಗೆ ಸುದ್ದಿ ಮುಟ್ಟಿಸಿದ್ದು ಯಾವ ಕುಕೀಯೂ ಅಲ್ಲ.

ಇದನ್ನು ಬರೆಯಲು ಕೂತಾಗ ನಮ್ಮ ಕೈಯೂ ತಡೆಯಿತು. ಇತರರ ಮನೆಯ ಪರದೆಯಾಚೆ ಕಂಡದ್ದನ್ನು ಬರೆದು ಹೆಸರು ಮಾಡಿಕೊಂಡವರು ನಾವೂ. ಕತೆಗಳಿಗಾಗಿ ಯಾರ ಒಪ್ಪಿಗೆಯನ್ನೂ ಕೇಳಿದ ನೆನಪಿಲ್ಲ. ಈ ಸಲ ಹಸ್ತಪ್ರತಿಯನ್ನು ಅವಳ ಮುಂದಿಟ್ಟೆವು. ಮಕ್ಕಳ ಪೆನ್ಸಿಲ್ ತೆಗೆದುಕೊಂಡು ನಿಧಾನವಾಗಿ ಓದಿದಳು. ಮೈದುನ ಕೆಟ್ಟವನಲ್ಲ ಎಂಬ ಸಾಲನ್ನು ಸೇರಿಸಿದ್ದು ಅವಳೇ. ಎರಡು ಕಡೆ ಗೆರೆ ಎಳೆದು, "ಇವು ಬೇಡ ಮಾಮೂ" ಎಂದಳು. ಆ ಎರಡು ವಾಕ್ಯಗಳನ್ನು ತೆಗೆದಿದ್ದೇವೆ.