ಪರಿಚಾರಿಕೆಯು ನಿಮಿತ್ತಮಾತ್ರಳೇ?

ಪರರ ಆಜ್ಞೆಯಂತೆ ನಡೆದ ಕರ್ಮದ ಹೊಣೆ ಯಾರದೆಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಯುದ್ಧಭೂಮಿಯ ನಡುವೆ ಇಟ್ಟು ವಿಚಾರಿಸಿರುವರು. ಅದೇ ಪ್ರಶ್ನೆಯು ಆಸ್ಪತ್ರೆಯ ವಾರ್ಡುಗಳಲ್ಲಿ ದಿನದಿನವೂ, ಯಾರ ಗಮನಕ್ಕೂ ಬಾರದೆ, ಇತ್ಯರ್ಥವಾಗುತ್ತಿರುತ್ತದೆ. ವೈದ್ಯನು ಔಷಧವನ್ನು ಬರೆಯುವನು, ರೋಗಿಯು ಸೇವಿಸುವನು. ಇವರಿಬ್ಬರ ನಡುವೆ ಮಾತ್ರೆಯನ್ನು ಹಿಡಿದು ನಿಂತ ಪರಿಚಾರಿಕೆಯು ಆ ಕರ್ಮಕ್ಕೆ ನಿಮಿತ್ತಮಾತ್ರಳೇ, ಇಲ್ಲವೆ ಆಕೆಯೂ ಅದಕ್ಕೆ ಕರ್ತೃವೇ?

ಹೃದಯದ ಬಲ ಕುಂದಿ, ಕಾಲುಗಳಲ್ಲಿ ನೀರು ತುಂಬಿಕೊಂಡು, ಬೆರಳೊತ್ತಿದರೆ ಗುಳಿ ಬೀಳುವಷ್ಟು ಬಾತುಹೋದ ವೃದ್ಧೆಯೊಬ್ಬಳನ್ನು ನೆನೆದುಕೊಳ್ಳೋಣ. ಬೆಳಗಿನ ಪಾಳಿಯ ಕೇಸ್ ಶೀಟಿನಲ್ಲಿ ಫ್ಯೂರೊಸೆಮೈಡ್ 40 ಮಿಲಿಗ್ರಾಂ ಎಂದೂ, ಅದರ ಕೆಳಗೆ ಡಿಗಾಕ್ಸಿನ್ ಮತ್ತು ಬಿ.ಪಿ. ಮಾತ್ರೆ ಎಂದೂ ಬರೆದಿದೆ. ಸಿಸ್ಟರ್ ಆಕೆಯ ತೂಕವನ್ನು ನೋಡುತ್ತಾಳೆ, ಮಲಗಿಸಿ ಬಿ.ಪಿ. ಅಳೆಯುತ್ತಾಳೆ, ಮೆಲ್ಲನೆ ಎಬ್ಬಿಸಿ ನಿಲ್ಲಿಸಿ ಮತ್ತೊಮ್ಮೆ ಅಳೆಯುತ್ತಾಳೆ. ಮಲಗಿದ್ದಾಗ 130 ಇದ್ದ ಮೇಲಿನ ಅಂಕವು ನಿಂತೊಡನೆ 100ಕ್ಕೆ ಇಳಿದಿದೆ. “ಕಣ್ಣು ಕತ್ತಲೆ ಬರ್ತದೆ ಸಿಸ್ಟರ್” ಎಂದು ಆಕೆ ಮಂಚದ ಸರಳನ್ನು ಹಿಡಿಯುತ್ತಾಳೆ. ರಕ್ತಪರೀಕ್ಷೆಯ ವರದಿಯಲ್ಲಿ, 3.5ಕ್ಕಿಂತ ಕೆಳಗಿರಬಾರದ ಪೊಟ್ಯಾಸಿಯಂ 2.9 ಆಗಿದೆ. ಫ್ಯೂರೊಸೆಮೈಡ್ ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿ ಉಪ್ಪು ರಕ್ತಕ್ಕೆ ಹಿಂದಿರುಗದಂತೆ ತಡೆಯುತ್ತದೆ. ಉಪ್ಪಿನ ಹಿಂದೆ ನೀರೂ, ಅವುಗಳೊಡನೆ ಪೊಟ್ಯಾಸಿಯಮ್ಮೂ ಹೊರಟುಹೋಗುತ್ತವೆ. ಪೊಟ್ಯಾಸಿಯಂ ಕುಂದಿದ ಹೃದಯದ ಮೇಲೆ ಡಿಗಾಕ್ಸಿನ್ ವಿಷವಾಗಿ ಪರಿಣಮಿಸಬಹುದು. ಇದನ್ನೆಲ್ಲ ಬಲ್ಲ ಸಿಸ್ಟರ್ ಮಾತ್ರೆಗಳನ್ನು ಬದಿಗಿರಿಸಿ, ವೈದ್ಯರಿಗೆ ಕರೆಮಾಡುತ್ತಾಳೆ.

ಮೇಲ್ನೋಟಕ್ಕೆ ಆಕೆ ಏನನ್ನೂ ಮಾಡಲಿಲ್ಲ. ಗೀತೆಯ ನಾಲ್ಕನೆಯ ಅಧ್ಯಾಯವು ಅಕರ್ಮದಲ್ಲಿ ಕರ್ಮವನ್ನು ಕಾಣುವ ದೃಷ್ಟಿಯನ್ನು ಕೊಂಡಾಡುವುದಷ್ಟೆ. ಆ ಮಾತಿಗೆ ಇದಕ್ಕಿಂತ ನಿಚ್ಚಳವಾದ ನಿದರ್ಶನವನ್ನು ನಾನರಿಯೆ. ಹನ್ನೊಂದನೆಯ ಅಧ್ಯಾಯದ ನಿಮಿತ್ತಮಾತ್ರನಾಗೆಂಬ ಉಪದೇಶವನ್ನು ಮುಂದಿಟ್ಟುಕೊಂಡು ಆಜ್ಞಾಪಾಲನೆಯೇ ಸೇವಾಧರ್ಮವೆನ್ನುವವರು, ಅದೇ ಭಗವಂತನು ಕೊನೆಯ ಅಧ್ಯಾಯದಲ್ಲಿ, ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ಸಂಪೂರ್ಣವಾಗಿ ವಿಮರ್ಶಿಸಿ ಇಚ್ಛೆಯಂತೆ ಮಾಡೆಂದು ಅರ್ಜುನನ ವಿವೇಕಕ್ಕೇ ಬಿಟ್ಟುಕೊಟ್ಟುದನ್ನು ಮರೆಯುತ್ತಾರೆ.

ಹಾಗೆಂದು ಔಷಧವನ್ನು ತಡೆಹಿಡಿದುದೆಲ್ಲ ಧರ್ಮವಾಗದು. ಅಂಕವೊಂದಕ್ಕೆ ಹೆದರಿ ಕೈಬಿಟ್ಟ ಮಾತ್ರೆಯಿಂದ ಶ್ವಾಸಕೋಶದಲ್ಲಿ ನೀರು ತುಂಬಿ, ನಡುರಾತ್ರಿಯಲ್ಲಿ ರೋಗಿ ಎದ್ದು ಕುಳಿತು ಉಸಿರಿಗಾಗಿ ಹೋರಾಡಬೇಕಾದೀತು. ಅದೇ ಫ್ಯೂರೊಸೆಮೈಡನ್ನು ರಕ್ತನಾಳಕ್ಕೆ ಅವಸರದಿಂದ ಚುಚ್ಚಿದರೆ ಕಿವಿ ಮಂದವಾದೀತು; ಪೊಟ್ಯಾಸಿಯಮ್ಮನ್ನು ಉಳಿಸುವ ಸ್ಪೈರೊನೊಲ್ಯಾಕ್ಟೋನಿನೊಡನೆ ಬಿ.ಪಿ. ಮಾತ್ರೆಯಾದ ಎನಾಲಪ್ರಿಲ್ ಸೇರಿದರೆ ಪೊಟ್ಯಾಸಿಯಂ ಮಿತಿಮೀರಿ ಏರಿ ಹೃದಯವೇ ನಿಂತೀತು. ಕೊಡುವುದಕ್ಕೂ ಕೊಡದಿರುವುದಕ್ಕೂ ಜ್ಞಾನವೇ ಆಧಾರವಾದುದರಿಂದ, ಅರಿಯದೆ ತೋರಿದ ಕರುಣೆಯನ್ನು ಸೇವೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಈ ಜ್ಞಾನಕ್ಕೆ ದಾದಿಯರ ಬರಹವೂ ಮೂಲವಾದುದುಂಟು. 1919ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಸಿಫಿಲಿಸ್ ರೋಗಿಯೊಬ್ಬಳಿಗೆ ಪಾದರಸದ ಚುಚ್ಚುಮದ್ದು ಕೊಡುತ್ತಿದ್ದಾಗ, ಆಲ್ಫ್ರೆಡ್ ಫೋಗ್ಲ್ ಎಂಬ ವೈದ್ಯವಿದ್ಯಾರ್ಥಿಯು, ದಾದಿಯರು ಬರೆದಿಟ್ಟಿದ್ದ ಮೂತ್ರದ ಅಳತೆಯು ಆ ದಿನಗಳಲ್ಲಿ ಬಹುವಾಗಿ ಏರಿದ್ದುದನ್ನು ಕಂಡನು. 1950ರ ದಶಕದ ಕೊನೆಗೆ ಮೂತ್ರವನ್ನು ಹೆಚ್ಚಿಸುವ ಥಯಜೈಡ್ ಗುಳಿಗೆಗಳು ಬರುವವರೆಗೂ ಆ ಬಗೆಯ ಪಾದರಸದ ಮದ್ದುಗಳೇ ಬಾವಿನ ರೋಗಿಗಳಿಗೆ ಆಸರೆಯಾದವು. ಆ ಅಳತೆಯನ್ನು ಬರೆದಿಟ್ಟವರು ಯಾವ ಶೋಧನೆಯ ಫಲವನ್ನೂ ಬಯಸಿದವರಲ್ಲ; ತಮ್ಮ ಪಾಲಿನ ಕರ್ಮವನ್ನು ನಿಷ್ಠೆಯಿಂದ ಮಾಡಿದವರು.

ಚರಕನು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ವೈದ್ಯ, ಔಷಧ, ರೋಗಿಗಳೊಡನೆ ಉಪಸ್ಥಾತನನ್ನೂ, ಎಂದರೆ ಪರಿಚಾರಕನನ್ನೂ, ಎಣಿಸಿ, ಅವನಿಗಿರಬೇಕಾದ ಗುಣಗಳಲ್ಲಿ ಅನುರಾಗ, ದಾಕ್ಷ್ಯ, ಶೌಚಗಳ ಜೊತೆಗೆ ಉಪಚಾರದ ಅರಿವನ್ನೂ ಹೇಳಿದನು. ಇಂದು ನಮ್ಮ ಆಸ್ಪತ್ರೆಗಳನ್ನು ನಡೆಸುವವರಲ್ಲಿ ನನ್ನ ಬಿನ್ನಹವಿಷ್ಟೆ: ಕಾರಣವನ್ನು ಬರೆದು, ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ತಡೆದ ಸಿಸ್ಟರಿಗೆ ಕಾರಣ ಕೇಳುವ ನೋಟಿಸನ್ನು ಕಳುಹಿಸಬೇಡಿ, ಆಕೆ ಬರೆದುದನ್ನು ಓದಿರಿ.