ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ನ್ಯಾಯದರ್ಶನವು ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ, ಅಂದರೆ ಅರಿವಿನ ಸಾಧನಗಳಲ್ಲಿ, ಪ್ರತ್ಯಕ್ಷಕ್ಕೆ ಮೊದಲ ಸ್ಥಾನ. ಅನುಮಾನ, ಉಪಮಾನ, ಶಬ್ದಗಳು ಅದರ ನಂತರದವು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಆ ಮೊದಲನೆಯದನ್ನೇ ಪರೀಕ್ಷೆಗೆ ಒಡ್ಡುತ್ತದೆ. ಇಲ್ಲಿ 'ಪ್ರಮಾಣಿಸು' ಎಂದರೆ ಆಣೆಯಿಡುವುದಲ್ಲ, ತಾಳೆ ನೋಡಿ ಖಚಿತಪಡಿಸಿಕೊಳ್ಳುವುದು.

ಎಲ್ಲರ ಕಣ್ಣೆದುರೇ ನಡೆಯುವ ರಾಜಕಾರಣವನ್ನು ಅಧ್ಯಯನಕ್ಕೆ ಎತ್ತಿಕೊಂಡ ರಾಜ್ಯಶಾಸ್ತ್ರದ ವಿದ್ವಾಂಸರಿಗೆ ಈ ಮಾತು ವೃತ್ತಿಸೂತ್ರದಂತಿದೆ. ಐರ್ಲೆಂಡಿನ ಕಾರ್ಕ್ ನಗರದಲ್ಲಿ 2019ರ ಮೇ 24ರಂದು, ಮೇಯರನ್ನು ಜನರೇ ನೇರವಾಗಿ ಆರಿಸಬೇಕೇ ಎಂಬ ಪ್ರಶ್ನೆಯ ಮೇಲೆ ಜನಮತಗಣನೆ ನಡೆದು, ಪ್ರಸ್ತಾಪ ಬಿದ್ದುಹೋಯಿತು. ಕಾರ್ಕಿನ ಜನಕ್ಕೆ ಇದು ಬೇಡ ಎಂಬುದು ಪ್ರತ್ಯಕ್ಷ. ಆದರೆ ಸೋಲಿನ ಅಂತರ ಒಂದು ಸಾವಿರ ಮತಗಳಿಗೂ ಕಡಿಮೆ. ಅದೇ ದಿನ ಅದೇ ಪ್ರಶ್ನೆಗೆ ಲಿಮರಿಕ್ ಹೂಂ ಎಂದಿತು, ವಾಟರ್‌ಫರ್ಡ್ ಒಲ್ಲೆ ಎಂದಿತು. ಒಲ್ಲೆ ಎಂದವರು ಬೇಡವೆಂದದ್ದು ಹುದ್ದೆಯನ್ನೋ, ಅದರ ಖರ್ಚನ್ನೋ, ಅದಕ್ಕೆ ಸಿಗಲಿದ್ದ ಅಧಿಕಾರದ ಅಸ್ಪಷ್ಟತೆಯನ್ನೋ ಎಂಬುದನ್ನು ಮತಪೆಟ್ಟಿಗೆ ಹೇಳುವುದಿಲ್ಲ. ಮೂರು ಕಡೆಯ ಫಲಿತಾಂಶಗಳನ್ನು ಹೋಲಿಸಿ, ಮತದಾರರನ್ನು ವಿಚಾರಿಸಿಯೇ ತಿಳಿಯಬೇಕು.

ಈ ನಿಧಾನಕ್ಕೂ ಸಾರ್ವಜನಿಕ ಚರ್ಚೆಯ ಅವಸರಕ್ಕೂ ಹೊಂದಿಕೆಯಿಲ್ಲ. ರೇಡಿಯೊ ಅಂದಿನ ಸಂಜೆಯೇ ಉತ್ತರ ಬೇಡಿದರೆ, ವಿದ್ವಾಂಸರಿಗೆ ಹುದ್ದೆ ತಂದುಕೊಡುವ ಪ್ರಬಂಧವು ಸಹವಿದ್ವಾಂಸರ ಪರಿಶೀಲನೆ ದಾಟಲು ತಿಂಗಳುಗಟ್ಟಲೆ ಕಾಯಬೇಕು. ಹೀಗೆ ಪರೀಕ್ಷಿಸಿ ಹೇಳುವುದಕ್ಕೆ ಕಾನೂನಿನ ಬೆಂಬಲವೂ ಇದೆ: ಯೂನಿವರ್ಸಿಟಿ ಕಾಲೇಜ್ ಕಾರ್ಕ್ ಒಳಗೊಂಡಂತೆ ಐರ್ಲೆಂಡಿನ ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆ, ರೂಢಿಯ ತಿಳಿವಳಿಕೆಯನ್ನು ಪ್ರಶ್ನಿಸಿ ಪರೀಕ್ಷಿಸುವ, ಜನಕ್ಕೆ ರುಚಿಸದ ಅಭಿಪ್ರಾಯವನ್ನೂ ಹೇಳುವ ಸ್ವಾತಂತ್ರ್ಯವನ್ನು 1997ರ ವಿಶ್ವವಿದ್ಯಾಲಯಗಳ ಕಾಯ್ದೆಯ 14ನೆಯ ಕಲಮು ಕೊಟ್ಟಿದೆ. ಗಾದೆಯ 'ಪ್ರಮಾಣಿಸು' ಇಲ್ಲಿ ಕಾನೂನಿನ ಹಕ್ಕಾಗಿದೆ. ಆದರೆ ಖಾಯಂ ಪ್ರಾಧ್ಯಾಪಕರಿಗೂ, ಗುತ್ತಿಗೆಯ ನವೀಕರಣಕ್ಕೆ ಕಾಯುವ ಉಪನ್ಯಾಸಕರಿಗೂ ಹಕ್ಕು ಒಂದೇ ಆದರೂ ಅದನ್ನು ಬಳಸುವ ಧೈರ್ಯ ಒಂದೇ ಆಗಿರಲಾರದು.

ಹಾಗೆಂದು ವಿದ್ವಾಂಸರು ನಿಲುವೇ ಇಲ್ಲದವರಾಗಬೇಕಿಲ್ಲ. 2012ರಿಂದ 2014ರವರೆಗೆ ನಡೆದ ಐರ್ಲೆಂಡಿನ ಸಂವಿಧಾನ ಸಮಾವೇಶದಲ್ಲಿ 66 ನಾಗರಿಕರು, 33 ರಾಜಕಾರಣಿಗಳು ಮತ್ತು ಒಬ್ಬ ಅಧ್ಯಕ್ಷರು ಸದಸ್ಯರಾಗಿದ್ದರು. ವಿಷಯತಜ್ಞರು ಅವರ ಮುಂದೆ ವಾದಗಳನ್ನು ಬಿಡಿಸಿಟ್ಟರೇ ಹೊರತು ಮತ ಹಾಕಲಿಲ್ಲ. ಅಭಿಪ್ರಾಯ ಇರುವುದು ಬೇರೆ, ಅದನ್ನೇ ಪ್ರಮಾಣವೆಂದು ಮುಂದಿಡುವುದು ಬೇರೆ. ಗಾದೆಯೂ 'ಕಾಣಬೇಡ' ಎನ್ನದೆ 'ಕಂಡರೂ' ಎನ್ನುತ್ತದೆ. ಅದರ ಕೊನೆಯ 'ನೋಡು' ಎದುರಾಳಿಗೆ ಹೇಳಿದ್ದಲ್ಲ, ಕಂಡವನಿಗೇ ಹೇಳಿದ್ದು.